ಸಣ್ಣ ಅರೇಗಳಿಂದ ಬ್ಲಾಕ್ ಮ್ಯಾಟ್ರಿಕ್ಸ್ ಕಟ್ಟುವ ಸಮಗ್ರ ಮಾರ್ಗದರ್ಶಿ: ನಮ್ಮ ಮೆಟ್ರೊ ಮಾರ್ಗಗಳ ಉದಾಹರಣೆಯೊಂದಿಗೆ

ಸಣ್ಣ ಮ್ಯಾಟ್ರಿಕ್ಸ್‌ಗಳನ್ನು (ಸಾಫ್ಟ್‌ವೇರ್ ಭಾಷೆಯಲ್ಲಿ ಅರೇಗಳನ್ನು) ಅಕ್ಕಪಕ್ಕ, ಮೇಲೆ ಕೆಳಗೆ ಜೋಡಿಸಿ ಒಂದು ದೊಡ್ಡ ಮ್ಯಾಟ್ರಿಕ್ಸ್, ಅಂದರೆ ಬ್ಲಾಕ್ ಮ್ಯಾಟ್ರಿಕ್ಸ್, ಮಾಡುವುದು ಕಾಗದದ ಮೇಲೆ ಎರಡು ನಿಮಿಷದ ಕೆಲಸ. ಸಾಫ್ಟ್‌ವೇರ್‌ನಲ್ಲಿ ಅದೇ ಕೆಲಸ ಎರಡು ಬಗೆಯಲ್ಲಿ ಕೆಡುತ್ತದೆ. ಅಳತೆ ಕೂಡಿಬರದೆ ಎರರ್ ಬಂದು ನಿಂತರೆ ಚಿಂತೆಯಿಲ್ಲ, ತಪ್ಪು ಎಲ್ಲಿದೆ ಎಂದು ಅದೇ ಹೇಳುತ್ತದೆ. ಎರರ್ ಬರಲಿಲ್ಲ, ಅಳತೆಯೂ ಸರಿಯಿದೆ, ಆದರೆ ಒಳಗಿನ ಅಂಕಿ ತಪ್ಪು ಜಾಗದಲ್ಲಿ ಕೂತಿದೆ ಎಂದಾಗಲೇ ಇಡೀ ಲೆಕ್ಕ ಹಾಳಾಗುವುದು. ಈ ಎರಡನೆಯ ಬಗೆಯ ತಪ್ಪನ್ನು ತಡೆಯಲು ದಾರಿ ಒಂದೇ: ಜೋಡಿಸುವ ಮೊದಲೇ ಅಳತೆ ಬರೆದಿಡಬೇಕು, ಉತ್ತರ ಹೇಗಿರಬೇಕೆಂದು ಕೈಯಲ್ಲಿ ಲೆಕ್ಕ ಹಾಕಿಟ್ಟಿರಬೇಕು.

ವಿಟಿಯು ಕಾಲೇಜುಗಳ ಗಣಿತ ಲ್ಯಾಬ್‌ನಲ್ಲಿ ಪೈಥಾನ್ ಕಲಿಯುವವರಿಗೂ ಆಕ್ಟೇವ್, ಮ್ಯಾಟ್‌ಲ್ಯಾಬ್ ಬಳಸುವವರಿಗೂ ಒಟ್ಟಿಗೆ ಉಪಯೋಗವಾಗಲೆಂದು ಬೆಂಗಳೂರಿನವರೆಲ್ಲ ಬಲ್ಲ ಉದಾಹರಣೆಯನ್ನೇ ಆರಿಸಿಕೊಂಡಿದ್ದೇವೆ: ನಮ್ಮ ಮೆಟ್ರೊದ ನೇರಳೆ, ಹಸಿರು, ಹಳದಿ ಮಾರ್ಗಗಳು. ಆಜ್ಞೆಗಳನ್ನೂ ಬ್ಲಾಕ್‌ಗಳ ಹೆಸರನ್ನೂ ಇಲ್ಲಿ ಉಚ್ಚಾರದಂತೆ ಬರೆದಿದೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ. ಪೈಥಾನ್‌ನ ನನ್ (None) ಮತ್ತು .ಟಿ (.T), ಸಿಮ್‌ಪೈನ ಬ್ಲಾಕ್‌ಮ್ಯಾಟ್ರಿಕ್ಸ್ (BlockMatrix), ಮ್ಯಾಥಮ್ಯಾಟಿಕಾದ ಅರೇಫ್ಲ್ಯಾಟನ್ (ArrayFlatten) ಇವುಗಳಲ್ಲಿ ಮಾತ್ರ ಆವರಣದಲ್ಲಿ ತೋರಿಸಿದಂತೆ ದೊಡ್ಡಕ್ಷರ ಬೇಕು.

ಹೆಜ್ಜೆ 1: ಅಳತೆಯ ಪಟ್ಟಿ

ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗದಲ್ಲಿ 37 ನಿಲ್ದಾಣ. ಮಾದಾವರದಿಂದ ರೇಷ್ಮೆ ಸಂಸ್ಥೆವರೆಗಿನ ಹಸಿರು ಮಾರ್ಗದಲ್ಲಿ 32. 2025ರ ಆಗಸ್ಟ್‌ನಲ್ಲಿ ಶುರುವಾದ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದಲ್ಲಿ 16. ಕೂಡಿಸಿದರೆ 85. ಮೆಜೆಸ್ಟಿಕ್ ಮತ್ತು ಆರ್.ವಿ. ರಸ್ತೆ ಎರಡೆರಡು ಮಾರ್ಗಕ್ಕೆ ಸೇರಿರುವುದರಿಂದ ಬೇರೆ ಬೇರೆ ನಿಲ್ದಾಣಗಳು 83 ಮಾತ್ರ. ನಮ್ಮ ಲೆಕ್ಕಕ್ಕೆ 85ನ್ನೇ ಇಟ್ಟುಕೊಳ್ಳಿ. ಮಾರ್ಗ ಬದಲಿಸುವವರು ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ನಡೆದುಹೋಗಬೇಕು; ಆ ನಡಿಗೆಯೂ ಒಂದು ಕೊಂಡಿಯೇ. ಹೀಗೆ ಮಾಡಿದರೆ ಪ್ರತಿ ಮಾರ್ಗ ತನ್ನದೇ ಬ್ಲಾಕ್ ಆಗಿ ಉಳಿಯುತ್ತದೆ, ಮಾರ್ಗಗಳ ನಡುವಿನ ಸಂಪರ್ಕ ಬೇರೆ ಬ್ಲಾಕ್‌ಗೆ ಹೋಗುತ್ತದೆ.

ಎರಡು ನಿಲ್ದಾಣ ನೇರ ಕೂಡಿದ್ದರೆ 1, ಇಲ್ಲದಿದ್ದರೆ 0. ಬ್ಲಾಕ್‌ಗಳು ಹೀಗೆ:

ಅಡ್ಡಸಾಲು 1: ನೇ (37×37), ಮೆ (37×32), ಸೊ (37×16)
ಅಡ್ಡಸಾಲು 2: ಮೆ ಟ್ರಾನ್ಸ್‌ಪೋಸ್ (32×37), ಹಸಿ (32×32), ಆರ್ (32×16)
ಅಡ್ಡಸಾಲು 3: ಸೊ ಟ್ರಾನ್ಸ್‌ಪೋಸ್ (16×37), ಆರ್ ಟ್ರಾನ್ಸ್‌ಪೋಸ್ (16×32), ಹಳ (16×16)

ನೇ, ಹಸಿ, ಹಳ ಎಂಬವು ಮೂರು ಮಾರ್ಗಗಳು. ಮೆ ಎಂದರೆ ಮೆಜೆಸ್ಟಿಕ್ ಕೊಂಡಿ, ಆರ್ ಎಂದರೆ ಆರ್.ವಿ. ರಸ್ತೆಯ ಕೊಂಡಿ. ಟ್ರಾನ್ಸ್‌ಪೋಸ್ ಎಂದರೆ ಅಡ್ಡಸಾಲುಗಳನ್ನು ಕಂಬಸಾಲುಗಳಾಗಿ ತಿರುಗಿಸಿದ್ದು. ನೇರಳೆಗೂ ಹಳದಿಗೂ ನೇರ ಸಂಪರ್ಕವಿಲ್ಲ, ಆದ್ದರಿಂದ ಸೊ ಪೂರ್ತಿ ಸೊನ್ನೆ. ಪಟ್ಟಿಯನ್ನು ಎರಡು ದಿಕ್ಕಿನಲ್ಲಿ ಓದಿ: ಒಂದು ಅಡ್ಡಸಾಲಿನ ಬ್ಲಾಕ್‌ಗಳ ಎತ್ತರವೆಲ್ಲ ಒಂದೇ ಇರಬೇಕು, ಒಂದು ಕಂಬಸಾಲಿನ ಬ್ಲಾಕ್‌ಗಳ ಅಗಲವೆಲ್ಲ ಒಂದೇ ಇರಬೇಕು. ಸೊನ್ನೆಯ ಬ್ಲಾಕ್‌ಗೂ ಅಳತೆ ಬರೆದಿರುವುದನ್ನು ಗಮನಿಸಿ. ಮುಂದೆ ಬರುವ ಅರ್ಧ ತೊಂದರೆ ಅಲ್ಲಿಯೇ ಹುಟ್ಟುವುದು.

ಈಗ ಉತ್ತರದ ಲೆಕ್ಕ. ಸಾಲಾಗಿ ನಿಂತ 37 ನಿಲ್ದಾಣಗಳ ನಡುವೆ 36 ಕೊಂಡಿ; ಪ್ರತಿ ಕೊಂಡಿ ಮ್ಯಾಟ್ರಿಕ್ಸ್‌ನಲ್ಲಿ ಎರಡು ಸಲ ಬರುತ್ತದೆ, ಹಾಗಾಗಿ ನೇ ಒಳಗೆ 72 ಒಂದುಗಳು. ಹಸಿ ಒಳಗೆ 62, ಹಳ ಒಳಗೆ 30. ಎರಡು ಬದಲಾವಣೆ ಕೊಂಡಿಗಳಿಂದ 4. ಒಟ್ಟು 168. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಸಣ್ಣ ಬ್ಲಾಕ್‌ಗಳು

ಸಾಲು ಮಾರ್ಗದ ಮ್ಯಾಟ್ರಿಕ್ಸ್ ಎಂದರೆ ಮುಖ್ಯ ಕರ್ಣದ ಮೇಲಿನ ಮತ್ತು ಕೆಳಗಿನ ಕರ್ಣಗಳಲ್ಲಿ 1. ಪೈಥಾನ್‌ನ ಗಣಿತ ಲೈಬ್ರರಿಯಾದ ನಮ್‌ಪೈನಲ್ಲಿ ಐ (ಇ-ವೈ-ಇ) ಆಜ್ಞೆಗೆ ಕೆ = 1 ಮತ್ತು ಕೆ = −1 ಕೊಟ್ಟು ಎರಡನ್ನು ಕೂಡಿಸಿ. ಆಕ್ಟೇವ್‌ನಲ್ಲಿ ಒನ್ಸ್(36, 1) ಅನ್ನು ಡಯಾಗ್ ಆಜ್ಞೆಯಿಂದ 1 ಮತ್ತು −1ನೇ ಕರ್ಣಕ್ಕೆ ಹಾಕಿ. ಕರ್ಣದಲ್ಲಿ 36 ಅಂಕಿ, ಮ್ಯಾಟ್ರಿಕ್ಸ್ 37×37. ಇಲ್ಲಿ 37 ಬರೆದರೆ ಬ್ಲಾಕ್ 38×38 ಆಗಿಬಿಡುತ್ತದೆ.

ಕೊಂಡಿಗಳಿಗೆ ನಿಲ್ದಾಣದ ಕ್ರಮಸಂಖ್ಯೆ ಬೇಕು. ಚಲ್ಲಘಟ್ಟದಿಂದ ಎಣಿಸಿದರೆ ನೇರಳೆಯಲ್ಲಿ ಮೆಜೆಸ್ಟಿಕ್ 15ನೆಯದು. ಮಾದಾವರದಿಂದ ಎಣಿಸಿದರೆ ಹಸಿರಿನಲ್ಲಿ ಮೆಜೆಸ್ಟಿಕ್ 17, ಆರ್.ವಿ. ರಸ್ತೆ 24. ಹಳದಿಯಲ್ಲಿ ಆರ್.ವಿ. ರಸ್ತೆಯೇ ಮೊದಲನೆಯದು. ಅಂದರೆ ಮೆ(15, 17) = 1, ಆರ್(24, 1) = 1; ಉಳಿದದ್ದೆಲ್ಲ ಸೊನ್ನೆ. ಪೈಥಾನ್ 0ಯಿಂದ ಎಣಿಸುವುದರಿಂದ ಅಲ್ಲಿ ಇವು [14, 16] ಮತ್ತು [23, 0]. ಇದನ್ನು ಮರೆತು ಪೈಥಾನ್‌ನಲ್ಲಿ [15, 17] ಎಂದು ಬರೆದರೆ ಎರರ್ ಬರುವುದಿಲ್ಲ. ಸೆಂಟ್ರಲ್ ಕಾಲೇಜು ನಿಲ್ದಾಣದಿಂದ ಚಿಕ್ಕಪೇಟೆಗೆ ಇಲ್ಲದ ಕೊಂಡಿಯೊಂದು ಹುಟ್ಟಿಕೊಳ್ಳುತ್ತದೆ. ಮೊತ್ತ ಆಗಲೂ 168ರಷ್ಟೇ ಇರುತ್ತದೆ, ಹಾಗಾಗಿ ಮೊತ್ತವೊಂದನ್ನೇ ನಂಬಬೇಡಿ.

ಹೆಜ್ಜೆ 3: ಆಕ್ಟೇವ್ ಮತ್ತು ಮ್ಯಾಟ್‌ಲ್ಯಾಬ್

ಇಲ್ಲಿ ಬರವಣಿಗೆ ಕಾಗದದ ಮೇಲಿನಂತೆಯೇ ಇದೆ. ಕಾಮಾ ಪಕ್ಕಕ್ಕೆ ಜೋಡಿಸುತ್ತದೆ, ಸೆಮಿಕೋಲನ್ ಕೆಳಗಿನ ಸಾಲಿಗೆ ಇಳಿಸುತ್ತದೆ, ಒಂಟಿ ಉದ್ಧರಣ ಚಿಹ್ನೆ ಟ್ರಾನ್ಸ್‌ಪೋಸ್ ಮಾಡುತ್ತದೆ:

ಎಂ = [ನೇ, ಮೆ, ಸೊ; ಮೆ', ಹಸಿ, ಆರ್; ಸೊ', ಆರ್', ಹಳ];

ಮೂರನೇ ಸಾಲಿನಲ್ಲಿ ಸೊ ನಂತರದ ಚಿಹ್ನೆ ಬಿಟ್ಟುಹೋದರೆ ಆಕ್ಟೇವ್ "ಹಾರಿಜಾಂಟಲ್ ಡೈಮೆನ್ಷನ್ಸ್ ಮಿಸ್‌ಮ್ಯಾಚ್ (37×16 ವರ್ಸಸ್ 16×32)" ಎಂದು ನಿಲ್ಲುತ್ತದೆ. ಹಾರಿಜಾಂಟಲ್ ಎಂದರೆ ಒಂದೇ ಅಡ್ಡಸಾಲಿನೊಳಗೆ ಎತ್ತರ ಕೂಡಿಲ್ಲ. ವರ್ಟಿಕಲ್ ಎಂದರೆ ಅಡ್ಡಸಾಲುಗಳೆಲ್ಲ ಸರಿಯಾಗಿ ಕಟ್ಟಿಕೊಂಡಿವೆ, ಒಂದರ ಒಟ್ಟು ಅಗಲ ಇನ್ನೊಂದಕ್ಕೆ ಹೊಂದಿಲ್ಲ. ಆವರಣದಲ್ಲಿರುವ ಅಳತೆಗಳನ್ನು ನಿಮ್ಮ ಪಟ್ಟಿಯ ಜೊತೆ ಹೋಲಿಸಿದರೆ ಯಾವ ಬ್ಲಾಕ್ ಎಂದು ತಕ್ಷಣ ತಿಳಿಯುತ್ತದೆ.

ಬ್ಲಾಕ್‌ಗಳೆಲ್ಲ ಚೌಕವಾಗಿದ್ದರೆ ಈ ರಕ್ಷಣೆ ಇಲ್ಲ. ಎರಡೂ ಮಾರ್ಗದಲ್ಲಿ 32 ನಿಲ್ದಾಣಗಳೇ ಇದ್ದಿದ್ದರೆ ಮೆ' ಬದಲು ಮೆ ಬರೆದರೂ ಮ್ಯಾಟ್ರಿಕ್ಸ್ ಸದ್ದಿಲ್ಲದೆ ಕಟ್ಟಿಕೊಳ್ಳುತ್ತಿತ್ತು. ಚೌಕ ಬ್ಲಾಕ್‌ಗಳ ಜೊತೆ ಕೆಲಸ ಮಾಡುವವರು ಮೊದಲ ಸಲ ಬೇಕೆಂದೇ ಬೇರೆ ಬೇರೆ ಅಳತೆಯ ಸಣ್ಣ ಬ್ಲಾಕ್‌ಗಳಿಂದ, 2×2 ಮತ್ತು 3×3 ಎಂದಿಟ್ಟುಕೊಳ್ಳಿ, ತಮ್ಮ ಕೋಡ್ ಓಡಿಸಿ ನೋಡಬೇಕು. ಟ್ರಾನ್ಸ್‌ಪೋಸ್ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಖಾಲಿ ಜಾಗದ ತೊಂದರೆಯೂ ಒಂದಿದೆ. ಚೌಕಾವರಣದೊಳಗೆ ಖಾಲಿ ಜಾಗವೂ ಕಾಮಾದಂತೆಯೇ ಲೆಕ್ಕ. [ಎ - ಬಿ] ಎಂದರೆ ಕಳೆಯುವುದು. [ಎ -ಬಿ] ಎಂದರೆ ಎ ಪಕ್ಕದಲ್ಲಿ ಋಣ ಬಿ. [ಎ '] ಎಂದು ಜಾಗ ಬಿಟ್ಟು ಚಿಹ್ನೆ ಹಾಕಿದರೆ ಅದು ಟ್ರಾನ್ಸ್‌ಪೋಸ್ ಆಗದೆ ಪಠ್ಯದ ಆರಂಭವಾಗುತ್ತದೆ. ಬ್ಲಾಕ್‌ಗಳ ನಡುವೆ ಯಾವಾಗಲೂ ಕಾಮಾ ಹಾಕುವ ಅಭ್ಯಾಸ ಇಟ್ಟುಕೊಂಡರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ.

ಅಂಕಿಯ ಬಗೆ ಇನ್ನೂ ಸೂಕ್ಷ್ಮ. 0 ಮತ್ತು 1 ಮಾತ್ರ ಇರುವ ಬ್ಲಾಕನ್ನು ಜಾಗ ಉಳಿಸಲು ಇಂಟ್8 (127ರವರೆಗಿನ ಪೂರ್ಣಾಂಕ ಮಾತ್ರ ಹಿಡಿಯುವ ಬಗೆ) ಆಗಿ ಇಟ್ಟಿದ್ದೀರಿ, ಕೊಂಡಿಗೆ ಮಾತ್ರ ನಡಿಗೆಯ ಸಮಯವೆಂದು 4.5 ಬರೆದಿದ್ದೀರಿ ಎನ್ನಿ. ಮ್ಯಾಟ್‌ಲ್ಯಾಬ್‌ನಲ್ಲಿ ಇವೆರಡನ್ನು ಜೋಡಿಸಿದರೆ ಇಡೀ ಮ್ಯಾಟ್ರಿಕ್ಸ್ ಇಂಟ್8 ಆಗುತ್ತದೆ, 4.5 ಹೋಗಿ 5 ಆಗುತ್ತದೆ. 200 ಎಂದಿದ್ದರೆ 127ಕ್ಕೆ ಕತ್ತರಿಸಿಕೊಳ್ಳುತ್ತದೆ. ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ಜೋಡಿಸುವ ಮೊದಲು ಎಲ್ಲ ಬ್ಲಾಕ್‌ಗಳನ್ನೂ ಡಬಲ್, ಅಂದರೆ ದಶಮಾಂಶ ಹಿಡಿಯುವ ಬಗೆ, ಮಾಡಿಕೊಳ್ಳಿ.

ಹೆಜ್ಜೆ 4: ನಮ್‌ಪೈನ ಬ್ಲಾಕ್

2017ರ 1.13 ಆವೃತ್ತಿಯಲ್ಲಿ ಬಂದ ಬ್ಲಾಕ್ ಆಜ್ಞೆ ಈ ಕೆಲಸಕ್ಕೆಂದೇ ಇದೆ. ಪಟ್ಟಿಯೊಳಗೆ ಪಟ್ಟಿ ಕೊಡಬೇಕು: ಒಳಗಿನ ಪಟ್ಟಿ ಪಕ್ಕಕ್ಕೆ ಜೋಡಿಸುತ್ತದೆ, ಹೊರಗಿನದು ಕೆಳಕ್ಕೆ. ಎನ್‌ಪಿ ಎಂದರೆ ನಮ್‌ಪೈನ ಚಿಕ್ಕ ಹೆಸರು, .ಟಿ ಎಂದರೆ ಟ್ರಾನ್ಸ್‌ಪೋಸ್.

ಎಂ = ಎನ್‌ಪಿ.ಬ್ಲಾಕ್([[ನೇ, ಮೆ, ಸೊ], [ಮೆ.ಟಿ, ಹಸಿ, ಆರ್], [ಸೊ.ಟಿ, ಆರ್.ಟಿ, ಹಳ]])

ಚೌಕಾವರಣ ಒಂದು ಪದರ ಹೆಚ್ಚಾದರೆ ಎರಡು ಆಯಾಮದ ಬದಲು ಮೂರು ಆಯಾಮದ ಅರೇ ಬರುತ್ತದೆ. ಒಂದು ಸಾಲನ್ನು ಮಾತ್ರ ಆವರಣದಲ್ಲಿಟ್ಟು ಇನ್ನೊಂದನ್ನು ಹಾಗೇ ಬಿಟ್ಟರೆ ಪಟ್ಟಿಯ ಆಳ ಹೊಂದಿಲ್ಲವೆಂಬ ಎರರ್ ಬರುತ್ತದೆ.

ಹೊಸಬರು ಹೆಚ್ಚಾಗಿ ಎಡವುವುದು ಎರಡು ಕಡೆ. ಸೊ ಜಾಗದಲ್ಲಿ ಬರೀ 0 ಬರೆಯುವುದು ಮೊದಲನೆಯದು. ನಮ್‌ಪೈ ಅದನ್ನು 37×16ಕ್ಕೆ ಹಿಗ್ಗಿಸುವುದಿಲ್ಲ, 1×1 ಎಂದೇ ಹಿಡಿದು ಎರರ್ ಕೊಡುತ್ತದೆ. ಜೀರೋಸ್((37, 16)) ಎಂದೇ ಬರೆಯಬೇಕು. ಒಳಗಿನ ಆವರಣವೂ ಬೇಕು. ಎರಡನೆಯದು ಒಂದೇ ಆಯಾಮದ ಅರೇ. ಸಮೀಕರಣ ಬಿಡಿಸಲು 3×3 ಮ್ಯಾಟ್ರಿಕ್ಸ್ ಪಕ್ಕದಲ್ಲಿ ಮೂರು ಅಂಕಿಯ ಬಿ ಎಂಬ ಅರೇ ಸೇರಿಸಲು ಹೊರಟರೆ ಬ್ಲಾಕ್ ಆಜ್ಞೆ ಅದನ್ನು 1×3 ಅಡ್ಡಸಾಲೆಂದು ಭಾವಿಸಿ ನಿರಾಕರಿಸುತ್ತದೆ. ಕೆಳಕ್ಕೆ ಜೋಡಿಸುವ ವಿಸ್ಟ್ಯಾಕ್ ಆಜ್ಞೆ ನಿರಾಕರಿಸುವುದೂ ಇಲ್ಲ, ನಾಲ್ಕನೆಯ ಅಡ್ಡಸಾಲಾಗಿ ಕೆಳಗೆ ಸೇರಿಸಿಬಿಡುತ್ತದೆ. ಬಿ[:, ನನ್] ಎಂದು ಬರೆದು ಅದನ್ನು 3×1 ಕಂಬಸಾಲು ಮಾಡಿ ಕೊಡಿ, ಅಥವಾ ಕಾಲಂ_ಸ್ಟ್ಯಾಕ್ ಬಳಸಿ. ಒಂದೇ ಆಯಾಮದ ಅರೇಯನ್ನು ಕಂಬಸಾಲಾಗಿ ನಿಲ್ಲಿಸುವುದು ಅದೇ.

ಹಳೆಯ ಕೋಡ್‌ಗಳಲ್ಲಿ ಬಿಮ್ಯಾಟ್ ಕಾಣುತ್ತದೆ. ಅದು ಕೊಡುವುದು ಮ್ಯಾಟ್ರಿಕ್ಸ್ ವರ್ಗದ ವಸ್ತು. ಅಲ್ಲಿ ನಕ್ಷತ್ರ ಚಿಹ್ನೆ ಮ್ಯಾಟ್ರಿಕ್ಸ್ ಗುಣಾಕಾರ, ಸಾಮಾನ್ಯ ಅರೇಯಲ್ಲಿ ಅದೇ ಚಿಹ್ನೆ ಅಂಕಿಗೆ ಅಂಕಿಯ ಗುಣಾಕಾರ. ಹೊಸ ಕೋಡ್‌ನಲ್ಲಿ ಬಳಸಬೇಡಿ.

ಹೆಜ್ಜೆ 5: ಜಾಗ ಮೊದಲೇ ಮಾಡಿಟ್ಟು ತುಂಬುವುದು

ಬ್ಲಾಕ್‌ಗಳು ಹತ್ತಾರು ಇದ್ದಾಗ, ಅಥವಾ ಲೂಪ್‌ನಲ್ಲಿ ಒಂದೊಂದಾಗಿ ಹುಟ್ಟುವಾಗ, ಪ್ರತಿ ಸಲ ಹಳೆಯದಕ್ಕೆ ಹೊಸದನ್ನು ಅಂಟಿಸುತ್ತ ಹೋಗಬೇಡಿ. ಪ್ರತಿ ಜೋಡಣೆಯೂ ಅಲ್ಲಿಯವರೆಗಿನ ಎಲ್ಲವನ್ನೂ ಮತ್ತೆ ನಕಲು ಮಾಡುತ್ತದೆ. 1000 ಬ್ಲಾಕ್‌ಗಳನ್ನು ಹೀಗೆ ಸೇರಿಸಿದರೆ ಸುಮಾರು 5 ಲಕ್ಷ ಬ್ಲಾಕ್‌ಗಳಷ್ಟು ನಕಲಾಗುತ್ತದೆ.

ಬದಲಿಗೆ ಅಳತೆಗಳನ್ನು ಕೂಡಿಸುತ್ತ ಗಡಿಗಳ ಪಟ್ಟಿ ಮಾಡಿ: 0, 37, 69, 85. 85×85ರ ಸೊನ್ನೆ ಮ್ಯಾಟ್ರಿಕ್ಸ್ ಮಾಡಿ, ಪ್ರತಿ ಬ್ಲಾಕನ್ನು ಅದರ ಗಡಿಗಳ ನಡುವೆ ಇಡಿ. ಉದಾಹರಣೆಗೆ ಪೈಥಾನ್‌ನಲ್ಲಿ ಮೆ ಹೋಗುವುದು ಎಂ[0:37, 37:69] ಜಾಗಕ್ಕೆ, ಆರ್ ಹೋಗುವುದು ಎಂ[37:69, 69:85] ಜಾಗಕ್ಕೆ. ಗಡಿಗಳನ್ನು ಕೈಯಲ್ಲಿ ಬರೆಯದೆ ಕಮ್‌ಸಮ್ ಆಜ್ಞೆಯಿಂದ ಪಡೆಯಿರಿ. ನಾಳೆ ಒಂದು ಅಳತೆ ಬದಲಾದರೆ ಉಳಿದದ್ದೆಲ್ಲ ತಾನೇ ಸರಿಯಾಗುತ್ತದೆ.

ಈ ವಿಧಾನ ವೇಗದ್ದು, ಆದರೆ ಕಾವಲು ಕಡಿಮೆ. ನಮ್‌ಪೈನಲ್ಲಿ ಮೆ ಬದಲು ಅದರ 15ನೇ ಅಡ್ಡಸಾಲನ್ನು ಮಾತ್ರ ಆ ಜಾಗಕ್ಕೆ ಕೊಟ್ಟರೆ ಬ್ರಾಡ್‌ಕಾಸ್ಟಿಂಗ್ ನಿಯಮದಿಂದ ಅದೇ ಸಾಲು 37 ಸಲ ತುಂಬಿಕೊಳ್ಳುತ್ತದೆ. ನೇರಳೆಯ ಪ್ರತಿ ನಿಲ್ದಾಣವೂ ಹಸಿರಿನ ಮೆಜೆಸ್ಟಿಕ್‌ಗೆ ಅಂಟಿಕೊಂಡಂತೆ! ಕೆಳಗಿನ ಭಾಗಕ್ಕೂ ಅದರ ಟ್ರಾನ್ಸ್‌ಪೋಸ್ ಇಟ್ಟಿದ್ದರೆ ಸಮ್ಮಿತಿಯ ಪರೀಕ್ಷೆಯೂ ಪಾಸಾಗುತ್ತದೆ. ಮೊತ್ತ ಮಾತ್ರ 168ರ ಬದಲು 240 ಬಂದು ಗುಟ್ಟು ಹೊರಬೀಳುತ್ತದೆ. ಇನ್ನೊಂದು: ಸೊನ್ನೆ ಮ್ಯಾಟ್ರಿಕ್ಸನ್ನು ಪೂರ್ಣಾಂಕದ ಬಗೆಯಲ್ಲಿ ಮಾಡಿದ್ದರೆ 4.5 ಅಲ್ಲಿ 4 ಆಗಿ ಕೂರುತ್ತದೆ. ಮ್ಯಾಟ್‌ಲ್ಯಾಬ್ 5 ಮಾಡುವುದನ್ನು ನಮ್‌ಪೈ 4 ಮಾಡುತ್ತದೆ, ಎರಡೂ ಬಾಯಿ ಬಿಡುವುದಿಲ್ಲ.

ಕರ್ಣದ ಬ್ಲಾಕ್‌ಗಳೇ ಮುಖ್ಯವಾಗಿದ್ದು ಕೊಂಡಿಗಳು ಬೆರಳೆಣಿಕೆಯಷ್ಟಿದ್ದರೆ ಇನ್ನೂ ಚಿಕ್ಕ ದಾರಿಯಿದೆ. ಆಕ್ಟೇವ್‌ನಲ್ಲಿ ಬಿಎಲ್‌ಕೆಡಯಾಗ್(ನೇ, ಹಸಿ, ಹಳ), ಪೈಥಾನ್‌ನ ಇನ್ನೊಂದು ಗಣಿತ ಲೈಬ್ರರಿಯಾದ ಸೈಪೈನ ಲಿನ್‌ಆಲ್ಜ್ ವಿಭಾಗದಲ್ಲಿ ಬ್ಲಾಕ್_ಡಯಾಗ್. ಆಮೇಲೆ ಕೊಂಡಿಗಳನ್ನು ದೊಡ್ಡ ಮ್ಯಾಟ್ರಿಕ್ಸ್‌ನ ಕ್ರಮಸಂಖ್ಯೆಯಲ್ಲೇ ಬರೆಯಿರಿ: ಹಸಿರಿನ ಮೆಜೆಸ್ಟಿಕ್ 37 + 17 = 54, ಹಸಿರಿನ ಆರ್.ವಿ. ರಸ್ತೆ 37 + 24 = 61, ಹಳದಿಯ ಆರ್.ವಿ. ರಸ್ತೆ 69 + 1 = 70. ಅಂದರೆ (15, 54), (54, 15), (61, 70), (70, 61) ಜಾಗಗಳಲ್ಲಿ 1. ಪೈಥಾನ್‌ನಲ್ಲಿ ಎಲ್ಲದರಿಂದಲೂ 1 ಕಳೆಯಿರಿ. ಬ್ಲಾಕ್‌ಗಳು ಒಂದು ಪಟ್ಟಿಯಲ್ಲಿದ್ದರೆ ಲಿನ್‌ಆಲ್ಜ್‌ನ ಬ್ಲಾಕ್_ಡಯಾಗ್‌ಗೆ ಪಟ್ಟಿಯ ಹೆಸರಿಗೆ ಮೊದಲು ನಕ್ಷತ್ರ ಹಾಕಿ ಬಿಡಿಬಿಡಿಯಾಗಿ ಕೊಡಬೇಕು; ಸೈಪೈನ ಸ್ಪಾರ್ಸ್ ವಿಭಾಗದಲ್ಲಿರುವ ಅದೇ ಹೆಸರಿನ ಆಜ್ಞೆಗೆ ಪಟ್ಟಿಯನ್ನೇ ಕೊಡಬೇಕು.

ಹೆಜ್ಜೆ 6: ದೊಡ್ಡದಾದಾಗ ಸ್ಪಾರ್ಸ್

85×85ರಲ್ಲಿ 7225 ಜಾಗ, ಅದರಲ್ಲಿ ಸೊನ್ನೆಯಲ್ಲದ್ದು 168. ಇಷ್ಟು ಚಿಕ್ಕದಕ್ಕೆ ಹೇಗಿಟ್ಟರೂ ನಡೆಯುತ್ತದೆ. ಆದರೆ ಬಿಸಿಯಾದ ಲೋಹದ ಹಾಳೆಯೊಂದನ್ನು 200×200 ಬಿಂದುಗಳಾಗಿ ಕತ್ತರಿಸಿ ಉಷ್ಣತೆ ಲೆಕ್ಕ ಹಾಕಲು ಹೋದರೆ ಮ್ಯಾಟ್ರಿಕ್ಸ್ 40,000×40,000 ಆಗುತ್ತದೆ. ಪ್ರತಿ ಅಂಕಿಗೆ 8 ಬೈಟ್‌ನಂತೆ 12.8 ಜಿಬಿ, 8 ಜಿಬಿಯ ಲ್ಯಾಪ್‌ಟಾಪ್‌ನಲ್ಲಿ ಹಿಡಿಸುವುದೇ ಇಲ್ಲ. ಸೊನ್ನೆಯಲ್ಲದ ಅಂಕಿಗಳು 1,99,200 ಮಾತ್ರ. ಅವನ್ನಷ್ಟೇ ಇಟ್ಟುಕೊಂಡರೆ (ಇದಕ್ಕೇ ಸ್ಪಾರ್ಸ್ ಎನ್ನುವುದು) ಮೂರು ಎಂಬಿಯೊಳಗೆ ಮುಗಿಯುತ್ತದೆ.

ಸೈಪೈನ ಸ್ಪಾರ್ಸ್ ವಿಭಾಗದಲ್ಲಿ ಬಿಮ್ಯಾಟ್ ಇದೆ, 1.11 ಆವೃತ್ತಿಯಿಂದ ಬ್ಲಾಕ್_ಅರೇ ಕೂಡ ಇದೆ. ಸೊನ್ನೆ ಬ್ಲಾಕ್‌ನ ಜಾಗದಲ್ಲಿ ನನ್ ಎಂದು ಬರೆದರೆ ಸಾಕು, ಪಕ್ಕದ ಬ್ಲಾಕ್‌ಗಳಿಂದ ಅಳತೆ ತಿಳಿದುಕೊಳ್ಳುತ್ತದೆ. ಹಾಗಾಗಿ ಪ್ರತಿ ಅಡ್ಡಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಒಂದಾದರೂ ನಿಜವಾದ ಬ್ಲಾಕ್ ಇರಲೇಬೇಕು. ಎಲ್ಲವೂ ನನ್ ಆದರೆ ಅಳತೆ ತಿಳಿಯಲು ದಾರಿಯೇ ಇಲ್ಲ. ಸಮೀಕರಣ ಬಿಡಿಸುವುದಿದ್ದರೆ ಫಾರ್ಮ್ಯಾಟ್ ಸಿಎಸ್‌ಸಿ (ಕಂಬಸಾಲಿನ ಕ್ರಮದಲ್ಲಿ ಇಡುವುದು) ಅಥವಾ ಸಿಎಸ್‌ಆರ್ (ಅಡ್ಡಸಾಲಿನ ಕ್ರಮದಲ್ಲಿ ಇಡುವುದು) ಎಂದು ಕಟ್ಟುವಾಗಲೇ ಹೇಳಿಬಿಡಿ. ಗುಣಾಕಾರಕ್ಕೆ ನಕ್ಷತ್ರ ಬೇಡ, ಆಟ್ ಚಿಹ್ನೆ ಬಳಸಿ. ಬಿಮ್ಯಾಟ್ ಕೊಡುವ ಹಳೆಯ ಸ್ಪಾರ್ಸ್ ಮ್ಯಾಟ್ರಿಕ್ಸ್‌ಗೂ ಹೊಸ ಸ್ಪಾರ್ಸ್ ಅರೇಗೂ ನಕ್ಷತ್ರದ ಅರ್ಥ ಬೇರೆ ಬೇರೆ.

ಲೋಹದ ಹಾಳೆಯ ಮ್ಯಾಟ್ರಿಕ್ಸನ್ನು ಒಂದೊಂದು ಬ್ಲಾಕಾಗಿ ಕಟ್ಟಬೇಕಿಲ್ಲ. ಕರ್ಣದಲ್ಲಿ 2, ಪಕ್ಕದ ಎರಡು ಕರ್ಣಗಳಲ್ಲಿ −1 ಇರುವ ಟಿ ಎಂಬ ಸಣ್ಣ ಮ್ಯಾಟ್ರಿಕ್ಸ್ ಮತ್ತು ಏಕಮಾನ ಮ್ಯಾಟ್ರಿಕ್ಸ್ ಇಟ್ಟುಕೊಂಡು ಕ್ರಾನ್(ಏಕಮಾನ, ಟಿ) + ಕ್ರಾನ್(ಟಿ, ಏಕಮಾನ) ಎಂದರೆ ಆಯಿತು. ಕ್ರಾನ್ ಮೊದಲ ಮ್ಯಾಟ್ರಿಕ್ಸ್‌ನ ಪ್ರತಿ ಅಂಕಿಯ ಜಾಗದಲ್ಲಿ ಆ ಅಂಕಿಯಿಂದ ಗುಣಿಸಿದ ಎರಡನೆಯ ಮ್ಯಾಟ್ರಿಕ್ಸನ್ನು ಇಡುತ್ತದೆ. ಸ್ಪಾರ್ಸ್ ವಿಭಾಗದ ಕ್ರಾನ್ ಬಳಸಿ. ನಮ್‌ಪೈನ ಕ್ರಾನ್ ಆ 12.8 ಜಿಬಿಯನ್ನೇ ಕೇಳುತ್ತದೆ. ಹಾಳೆ ಚೌಕವಾಗಿಲ್ಲದೆ 200×150 ಇದ್ದರೆ ಕ್ರಾನ್‌ನ ಕ್ರಮ ತಪ್ಪಿದರೂ ಒಟ್ಟು ಅಳತೆ 30,000×30,000 ಆಗಿಯೇ ಬರುತ್ತದೆ. ಉತ್ತರವನ್ನು ಮತ್ತೆ ಹಾಳೆಯ ಆಕಾರಕ್ಕೆ ತರುವಾಗ ನಮ್‌ಪೈ ಅಡ್ಡಸಾಲಿನ ಕ್ರಮದಲ್ಲಿ, ಮ್ಯಾಟ್‌ಲ್ಯಾಬ್ ಕಂಬಸಾಲಿನ ಕ್ರಮದಲ್ಲಿ ತುಂಬುತ್ತದೆ. ಒಂದರಿಂದ ಇನ್ನೊಂದಕ್ಕೆ ಕೋಡ್ ಸಾಗಿಸುವವರು ಇಲ್ಲಿ ಬಹಳ ಎಚ್ಚರ ವಹಿಸಬೇಕು.

ಬೇರೆ ಸಾಫ್ಟ್‌ವೇರ್‌ಗಳು

ಜೂಲಿಯಾದಲ್ಲಿ ಬರವಣಿಗೆ ಮ್ಯಾಟ್‌ಲ್ಯಾಬ್‌ನದನ್ನೇ ಹೋಲುತ್ತದೆ, ಆದರೆ ಅಲ್ಲಿ ಕಾಮಾ ಹಾಕಿದರೆ ಎರಡು ಮ್ಯಾಟ್ರಿಕ್ಸ್‌ಗಳಿರುವ ಪಟ್ಟಿ ಸಿಗುತ್ತದೆಯೇ ಹೊರತು ಜೋಡಣೆ ಆಗುವುದಿಲ್ಲ. ಪಕ್ಕಕ್ಕೆ ಜೋಡಿಸಲು ಖಾಲಿ ಜಾಗವೇ ಬೇಕು. ಸೇಜ್‌ನಲ್ಲಿ ಬ್ಲಾಕ್_ಮ್ಯಾಟ್ರಿಕ್ಸ್ ಇದೆ, ಸೊ ಜಾಗದಲ್ಲಿ ಬರೀ 0 ಬರೆದರೂ ಒಪ್ಪುತ್ತದೆ, ಬ್ಲಾಕ್‌ಗಳ ನಡುವೆ ಗೆರೆಯನ್ನೂ ಎಳೆದು ತೋರಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮ್ಯಾಥಮ್ಯಾಟಿಕಾದಲ್ಲಿ ಅರೇಫ್ಲ್ಯಾಟನ್ ಬಳಸಿ, ಬರೀ ಪುಷ್ಪಾವರಣ ಹಾಕಿದರೆ ಪಟ್ಟಿಯೊಳಗೆ ಪಟ್ಟಿ ಉಳಿಯುತ್ತದೆ. ಸಿಮ್‌ಪೈನ ಬ್ಲಾಕ್‌ಮ್ಯಾಟ್ರಿಕ್ಸ್ ಬ್ಲಾಕ್‌ಗಳನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ಬಿಡಿ ಅಂಕಿಗಳು ಬೇಕಿದ್ದರೆ ಆ್ಯಸ್_ಎಕ್ಸ್‌ಪ್ಲಿಸಿಟ್. ಆರ್ ಭಾಷೆಯಲ್ಲಿ ಸಿಬೈಂಡ್ ಪಕ್ಕಕ್ಕೆ, ಆರ್‌ಬೈಂಡ್ ಕೆಳಕ್ಕೆ. ಅಲ್ಲಿ ಸಿಬೈಂಡ್(ನೇ, ಮೆ, 0) ಎಂದರೆ 0 ಒಂದೇ ಕಂಬಸಾಲಾಗಿ ಹಿಗ್ಗಿ ಅಗಲ 85ರ ಬದಲು 70 ಆಗುತ್ತದೆ.

ಹೆಜ್ಜೆ 7: ಪರೀಕ್ಷೆ

ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಬಿಡಬಾರದ ಹೆಜ್ಜೆಯೂ ಇದೇ. ಅಳತೆ 85×85 ಇದೆಯೇ? ಮೊತ್ತ 168 ಇದೆಯೇ? ಎಂ ಮತ್ತು ಅದರ ಟ್ರಾನ್ಸ್‌ಪೋಸ್ ಒಂದೇ ಇವೆಯೇ? ಅಂಕಿಗಳ ಬಗೆ ಡಬಲ್ (ನಮ್‌ಪೈನಲ್ಲಿ ಇದರ ಹೆಸರು ಫ್ಲೋಟ್64) ಇದೆಯೇ? ಬಳಿಕ ಸ್ಪೈ ಆಜ್ಞೆಯಿಂದ ಚಿತ್ರ ಬರೆಸಿ ನೋಡಿ: ಕರ್ಣದ ಎರಡೂ ಬದಿಯಲ್ಲಿ ಚುಕ್ಕಿಗಳ ಸಾಲು ಕಾಣಬೇಕು, 37 ಮತ್ತು 69ರ ಬಳಿ ಆ ಸಾಲು ಕಡಿದಿರಬೇಕು, ದೂರದಲ್ಲಿ ನಾಲ್ಕು ಒಂಟಿ ಚುಕ್ಕಿಗಳಿರಬೇಕು. ಕಡಿದಿರದಿದ್ದರೆ ವೈಟ್‌ಫೀಲ್ಡ್ ಮಾದಾವರಕ್ಕೆ ಅಂಟಿಕೊಂಡಿದೆ ಎಂದರ್ಥ. ಹೆಜ್ಜೆ 5ರ ಎರಡು ವಿಧಾನದಿಂದಲೂ ಕಟ್ಟಿ, ಎರಡೂ ಒಂದೇ ಎಂದು ಹೋಲಿಸಿ ನೋಡುವುದು ಇನ್ನೂ ಗಟ್ಟಿ.

ಕಡೆಯದಾಗಿ, ಮ್ಯಾಟ್ರಿಕ್ಸ್‌ಗೆ ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ. ವೈಟ್‌ಫೀಲ್ಡ್‌ನಿಂದ ಬೊಮ್ಮಸಂದ್ರಕ್ಕೆ ಎಷ್ಟು ಹೆಜ್ಜೆ? ನೇರಳೆಯಲ್ಲಿ 37ರಿಂದ 15ಕ್ಕೆ 22, ಮೆಜೆಸ್ಟಿಕ್‌ನಲ್ಲಿ ಬದಲಾವಣೆ 1, ಹಸಿರಿನಲ್ಲಿ 17ರಿಂದ 24ಕ್ಕೆ 7, ಆರ್.ವಿ. ರಸ್ತೆಯಲ್ಲಿ 1, ಹಳದಿಯಲ್ಲಿ 15. ಒಟ್ಟು 46. ಸೈಪೈನ ಸಿಎಸ್‌ಗ್ರಾಫ್ ವಿಭಾಗದ ಶಾರ್ಟೆಸ್ಟ್_ಪಾತ್ ಆಜ್ಞೆ [36, 84] ಜಾಗದಲ್ಲಿ 46 ಕೊಡಬೇಕು. ಮ್ಯಾಟ್‌ಲ್ಯಾಬ್‌ನಲ್ಲಿ ಗ್ರಾಫ್ ಮಾಡಿಕೊಂಡು 37ರಿಂದ 85ಕ್ಕೆ ಡಿಸ್ಟೆನ್ಸಸ್ ಕೇಳಿ. ಅನಂತ ಬಂದರೆ ಕೊಂಡಿಯೊಂದು ಬಿಟ್ಟುಹೋಗಿದೆ. ಹೆಜ್ಜೆ 2ರಲ್ಲಿ ಹೇಳಿದ ಚಿಕ್ಕಪೇಟೆಯ ತಪ್ಪು ಕೊಂಡಿ ಇದ್ದರೆ 46ರ ಬದಲು 44 ಬರುತ್ತದೆ. ಮೊತ್ತ ಹಿಡಿಯದ ತಪ್ಪನ್ನು ಈ ಪ್ರಶ್ನೆ ಹಿಡಿಯುತ್ತದೆ.

ಅಭ್ಯಾಸಕ್ಕೆ ಗುಲಾಬಿ ಮಾರ್ಗವನ್ನು ಸೇರಿಸಿ: ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ 18 ನಿಲ್ದಾಣ. ಇದರ ಬ್ಲಾಕನ್ನು ಕೊನೆಯಲ್ಲೇ ಇಡಿ. ನಡುವೆ ತೂರಿಸಿದರೆ ಹಳೆಯ ಕ್ರಮಸಂಖ್ಯೆಗಳೆಲ್ಲ ಜರುಗುತ್ತವೆ. ಕೊಂಡಿಗಳು ಎರಡು: ಎಂ.ಜಿ. ರಸ್ತೆಯಲ್ಲಿ ನೇರಳೆಯ 19ಕ್ಕೂ ಗುಲಾಬಿಯ 11ಕ್ಕೂ, ಜಯದೇವ ಆಸ್ಪತ್ರೆಯಲ್ಲಿ ಹಳದಿಯ 3ಕ್ಕೂ ಗುಲಾಬಿಯ 5ಕ್ಕೂ. ಹಸಿರು ಮತ್ತು ಗುಲಾಬಿಯ ನಡುವೆ 32×18ರ ಸೊನ್ನೆ. ಗಡಿಗಳ ಪಟ್ಟಿ 0, 37, 69, 85, 103 ಆಗುತ್ತದೆ, ಮೊತ್ತ 206 ಬರಬೇಕು.